ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್: ಹಳೆಯ ಫೋಟೋ ಹುಡುಕುವವರ ಕಣ್ಣಿನಲ್ಲಿ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ, ಬಾಗಿಲು ಹಾಕಿದ ಅಂಗಡಿಗಳ ಮುಂದೆ, ಒಂದೊಂದಾಗಿ ಟಾರ್ಪಾಲುಗಳನ್ನು ಹಾಸುತ್ತಾರೆ. ಕೆಟ್ಟ ಮಿಕ್ಸಿ, ಸ್ಪ್ಯಾನರು, ಕೈಗಡಿಯಾರ, ಹಿತ್ತಾಳೆ ಬೀಗ, ಗ್ರಾಮಫೋನು, ರೀಲು ಹಾಕುವ ಕ್ಯಾಮೆರಾ, ಯಾರದೋ ಸೈಕಲ್ಲಿನ ಡೈನಮೋ, ಎಲ್ಲವೂ ಅಲ್ಲಿಗೆ ಬರುತ್ತವೆ. ಸಂಡೇ ಬಜಾರ್ ಎಂದು ಹೆಸರಾದ ಈ ಸಂತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಡಿಯಾರಗಳ ಬಗ್ಗೆ, ಉಪಕರಣಗಳ ಬಗ್ಗೆ, ಅಗ್ಗದ ಶೂಗಳ ಬಗ್ಗೆ ಬರೆಯುತ್ತಾರೆ. ನಾನು ಹನ್ನೊಂದು ವರ್ಷಗಳಿಂದ ಅಲ್ಲಿಗೆ ಹೋಗುತ್ತಿರುವುದು ಕಾಗದಕ್ಕಾಗಿ: ಹಳೆಯ ಫೋಟೋ, ಅಂಚೆ ಕಾರ್ಡು, ಲಗ್ನಪತ್ರಿಕೆ, ಬೆಂಕಿಪೆಟ್ಟಿಗೆಯ ಚೀಟಿ, ಸಿನಿಮಾ ಹಾಡಿನ ಪುಸ್ತಕ. ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತವಾದದ್ದು. ಹಳೆಯ ಚಿತ್ರಗಳನ್ನು ಸಂಗ್ರಹಿಸಬೇಕೆಂಬ ಆಸೆಯಿದ್ದು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಇದು ನೆರವಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮನೆಮಂದಿಯ ಫೋಟೋಗಳು ಗುಜರಿಗೆ ಬರುವ ದಾರಿಯನ್ನು ಮೊದಲು ತಿಳಿದುಕೊಳ್ಳಬೇಕು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯೊಂದನ್ನು ಕೆಡವುವಾಗ, ಆಸ್ತಿ ಪಾಲಾಗುವಾಗ, ಅಪಾರ್ಟ್‌ಮೆಂಟಿಗೆ ಸಾಮಾನು ಸಾಗಿಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರೊಳಗಿನ ಪಾತ್ರೆಗಳಿಗೆ ವಾರಸುದಾರರು ಇರುತ್ತಾರೆ, ಫೋಟೋಗಳಿಗೆ ಇರುವುದಿಲ್ಲ. ಗೋಡೆಯ ಮೇಲಿದ್ದ ಪಟಗಳನ್ನು ಗುಜರಿಯವರು ಕೊಳ್ಳುವುದು ತೇಗದ ಅಥವಾ ಬೀಟೆಯ ಕಟ್ಟಿಗಾಗಿ. ಮರಕ್ಕೆ ಒಂದು ಬೆಲೆ, ಗಾಜಿಗೆ ಒಂದು ಬೆಲೆ, ಒಳಗಿನ ಅಜ್ಜನಿಗೆ ಬೆಲೆಯಿಲ್ಲ. ಹೀಗೆ ಕಟ್ಟಿನಿಂದ ಬಿಡಿಸಿದ ಫೋಟೋಗಳು ರಬ್ಬರ್ ಬ್ಯಾಂಡ್ ಹಾಕಿದ ಕಂತೆಗಳಾಗಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಹರಿದ ಪಾಠಪುಸ್ತಕಗಳ ಅಡಿಯಲ್ಲಿ ಬಂದು ಕೂರುತ್ತವೆ. ಮೊದಲ ಸಲ ನೋಡುವವರಿಗೆ ಮನಸ್ಸು ಕಲಕುತ್ತದೆ. ನನಗೆ ಈಗಲೂ ಕಲಕುತ್ತದೆ, ಆದರೆ ಆ ಕಂತೆಯನ್ನು ಕೊಳ್ಳುವವರು ಸಿಗದಿದ್ದರೆ ಅದು ರದ್ದಿಯವರ ತಕ್ಕಡಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಕೊಳ್ಳುವುದರಲ್ಲಿ ತಪ್ಪಿದೆ ಎಂದು ಅನ್ನಿಸಿಲ್ಲ.

ಇಲ್ಲಿ ಏನು ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 1854ರ ಡಿಸೆಂಬರಿನಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ. ಅಂಥ ಚಿತ್ರಗಳು ವಸ್ತುಸಂಗ್ರಹಾಲಯಗಳ ಸೊತ್ತು, ಟಾರ್ಪಾಲಿನ ಮೇಲೆ ಬರುವಂಥವಲ್ಲ. ಮದ್ರಾಸಿನ ವೀಲೆ ಅಂಡ್ ಕ್ಲೈನ್, ಬೆಂಗಳೂರಿನ ಬಾರ್ಟನ್ ಸನ್ ಅಂಡ್ ಕಂಪನಿಯಂಥ ಹೆಸರಾಂತ ಸ್ಟುಡಿಯೋಗಳ ಮುದ್ರೆಯಿರುವ ರಟ್ಟುಗಳು ಅಪರೂಪಕ್ಕೆ ಕಾಣಿಸುತ್ತವೆ, ಆದರೆ ವ್ಯಾಪಾರಿಗಳೇ ಅವನ್ನು ಬೆಳಗಿನ ಜಾವ ಆರಿಸಿಕೊಂಡಿರುತ್ತಾರೆ. ಇಂಥದ್ದನ್ನು ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇಲ್ಲಿ ಹೇರಳವಾಗಿ ಸಿಗುವುದು ಸುಮಾರು 1920ರಿಂದ 1980ರವರೆಗಿನ ಸಾಧಾರಣ ಜನರ ಫೋಟೋಗಳು: ಮದುವೆಯಾದ ಹೊಸದರಲ್ಲಿ ಸ್ಟುಡಿಯೋಕ್ಕೆ ಹೋಗಿ ನಿಂತ ಗಂಡ ಹೆಂಡತಿ, ಹೈಸ್ಕೂಲಿನ ಗ್ರೂಪ್ ಫೋಟೋ, ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡ ಗುಮಾಸ್ತರು, ತೊಟ್ಟಿಲಿನ ಮಗು. ನನ್ನ ಮಟ್ಟಿಗೆ ಈ ಬಜಾರಿನ ಹಿರಿಮೆ ಇರುವುದೇ ಇಲ್ಲಿ. ಗ್ಯಾಲರಿಗಳೂ ಆನ್‌ಲೈನ್ ಹರಾಜಿನವರೂ ಒಂದು ಒಳ್ಳೆಯ ಚಿತ್ರವನ್ನು ಆರಿಸಿ, ಒಂಟಿಯಾಗಿಸಿ ಮಾರುತ್ತಾರೆ. ಇಲ್ಲಿ, ಅದೃಷ್ಟ ಚೆನ್ನಾಗಿದ್ದರೆ, ಫೋಟೋ ತನ್ನ ನೆರೆಹೊರೆಯ ಸಮೇತ ಸಿಗುತ್ತದೆ. ಅದೇ ಮನೆಯ ಪತ್ರ, ಅದೇ ಅಂಗಳದ ಇನ್ನೊಂದು ಚಿತ್ರ, ಅದೇ ಕೈಬರಹ ಜೊತೆಯಲ್ಲಿರುತ್ತವೆ. ಒಂಟಿ ಫೋಟೋವನ್ನು ನೋಡಬಹುದು, ಓದಬೇಕೆಂದರೆ ಕಂತೆಯೇ ಬೇಕು.

ಓದುವುದು ಎಂದರೆ ಏನೆಂಬುದಕ್ಕೆ, ಕಳೆದ ಮಳೆಗಾಲದಲ್ಲಿ ಸಿಕ್ಕ ಒಂದು ಸ್ಟುಡಿಯೋ ಫೋಟೋವನ್ನು ತೋರಿಸುತ್ತೇನೆ. ಅಂಗೈಗಿಂತ ತುಸು ದೊಡ್ಡದು, ಬೂದು ಬಣ್ಣದ ರಟ್ಟಿಗೆ ಅಂಟಿಸಿದ್ದು. ಹಿಂದೆ ಬಟ್ಟೆಯ ಪರದೆಯ ಮೇಲೆ ಬರೆದ ಮೆಟ್ಟಿಲುಗಳು, ಕಂಬಗಳು, ದೂರದಲ್ಲಿ ಒಂದು ಕೊಳ. ಮುಂದೆ ಕುರ್ಚಿಯಲ್ಲಿ ಮೈಸೂರು ಪೇಟ, ಉದ್ದ ಕೋಟು, ಕಚ್ಚೆಪಂಚೆ ತೊಟ್ಟ ಗಂಡಸು. ಪಕ್ಕದಲ್ಲಿ ಕಚ್ಚೆ ಸೀರೆಯುಟ್ಟು ನಿಂತ ಹೆಂಗಸು. ಇಬ್ಬರ ನಡುವಿನ ಪುಟ್ಟ ಮೇಜಿನ ಮೇಲೆ ಒಂದು ಟೈಂಪೀಸು, ಒಂದು ದಪ್ಪ ಪುಸ್ತಕ. ಟೈಂಪೀಸು ಹತ್ತೂ ಇಪ್ಪತ್ತು ತೋರಿಸುತ್ತದೆ. ಹೆಂಗಸಿನ ಕಾಲಿನ ಬಳಿ ನಿಂತ ಮಗುವಿನ ಬಲಗೈ ಮಾತ್ರ ಮಸುಕಾಗಿದೆ, ಅದು ಬಳೆಯನ್ನೋ ಸೆರಗನ್ನೋ ಹಿಡಿಯಲು ಆ ಕ್ಷಣದಲ್ಲಿ ಕೈ ಎತ್ತಿದೆ. ಫೋಟೋವನ್ನು ಓರೆಯಾಗಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಾಗ ಕಪ್ಪು ಭಾಗಗಳ ಅಂಚಿನಲ್ಲಿ ನೀಲಿಯಾದ, ಕನ್ನಡಿಯಂಥ ಹೊಳಪು ಕಾಣುತ್ತದೆ. ಚಿತ್ರವನ್ನು ಹಿಡಿದಿಡುವ ಜೆಲಾಟಿನ್ ಎಂಬ ಅಂಟಿನ ಪದರದಲ್ಲಿದ್ದ ಬೆಳ್ಳಿ ಕಾಲಕ್ರಮೇಣ ಮೇಲಕ್ಕೆ ಬಂದು ಹರಡಿದ್ದರ ಗುರುತು ಅದು. ಕೃತಕವಾಗಿ ಹಳದಿ ಮಾಡಿದ ಹೊಸ ಪ್ರತಿಗಳಲ್ಲಿ ಇದು ಇರುವುದಿಲ್ಲ. ಭೂತಗನ್ನಡಿ ಹಿಡಿದರೆ ಹೆಂಗಸಿನ ಕೆನ್ನೆಯ ಮೇಲೆ ನೆಗೆಟಿವ್ವಿನಲ್ಲೇ ಪೆನ್ಸಿಲಿನಿಂದ ತಿದ್ದಿದ ಸಣ್ಣ ಗೀರುಗಳು ಕಾಣುತ್ತವೆ, ಸ್ಟುಡಿಯೋದ ಯಾವನೋ ಕುಶಲಕರ್ಮಿ ಅವಳ ಮುಖದ ಕಲೆಗಳನ್ನು ಅಷ್ಟು ಜೋಪಾನವಾಗಿ ಮರೆಮಾಡಿದ್ದಾನೆ. ಹಿಂಬದಿಯಲ್ಲಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಒಂದು ಸಾಲು: "ಮೂರು ಪ್ರತಿ ತೆಗೆಸಿದೆ. ಒಂದು ಅಮ್ಮನಿಗೆ." ಉಳಿದ ಎರಡು ಯಾರಿಗೆಂದು ಬರೆದಿಲ್ಲ. ಈ ಒಂದು ರಟ್ಟಿನ ತುಂಡಿನೊಡನೆ ನಾನು ಒಂದಿಡೀ ಸಂಜೆ ಕಳೆದಿದ್ದೇನೆ.

ಫೋಟೋ ಯಾವ ಕಾಲದ್ದೆಂದು ಪತ್ತೆಮಾಡುವುದು ಈ ಹವ್ಯಾಸದ ದೊಡ್ಡ ಸುಖ, ಮತ್ತು ಅದಕ್ಕೆ ಬೇಕಾದ ಸುಳಿವುಗಳು ಬಹುಪಾಲು ಚಿತ್ರದ ಬೆನ್ನಿನಲ್ಲೇ ಇರುತ್ತವೆ. ಸ್ಟುಡಿಯೋದ ಮುದ್ರೆಯಲ್ಲಿ 'ಸಿ ಅಂಡ್ ಎಂ ಸ್ಟೇಷನ್' (ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್) ಎಂದಿದ್ದರೆ ಅದು ಬೆಂಗಳೂರು ದಂಡು ಬ್ರಿಟಿಷರ ಆಡಳಿತದಲ್ಲಿದ್ದಾಗಿನದು, ಅಂದರೆ ಆ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ 1947ಕ್ಕಿಂತ ಹಿಂದಿನದು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕೆ ಮೊದಲಿನದು, ನಯಾಪೈಸೆಯಲ್ಲಿದ್ದರೆ ಅಲ್ಲಿಂದ 1964ರವರೆಗಿನದು ಎಂದು ಸುಮಾರಾಗಿ ಊಹಿಸಬಹುದು. ವಿಳಾಸದ ಕೊನೆಯಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ 1973ರ ನವೆಂಬರಿಗೆ ಮೊದಲಿನದೇ ಎಂದು ಹೇಳಬಹುದಾದರೂ ಇಲ್ಲಿ ಎಚ್ಚರಿಕೆ ಬೇಕು, ಏಕೆಂದರೆ ಹಳೆಯ ರಬ್ಬರ್ ಸ್ಟಾಂಪನ್ನೂ ಹಳೆಯ ಲಕೋಟೆಗಳನ್ನೂ ಮುಗಿಯುವವರೆಗೆ ಬಳಸುವುದು ನಮ್ಮ ಅಂಗಡಿಗಳ ರೂಢಿ. ಒಂದು ಸುಳಿವನ್ನೇ ನೆಚ್ಚದೆ ಎರಡು ಮೂರನ್ನು ಒಟ್ಟಿಗೆ ಹಿಡಿದು ನೋಡಬೇಕು. ಸೀರೆ ಉಟ್ಟ ರೀತಿ, ರವಿಕೆಯ ತೋಳಿನ ಉದ್ದ, ಕಾರಿನ ನಂಬರ್ ಪ್ಲೇಟು, ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲವೂ ಸಾಕ್ಷಿ ಹೇಳುತ್ತವೆ. ಕಾಗದವೂ ಮಾತಾಡುತ್ತದೆ. ಮೊಟ್ಟೆಯ ಬಿಳಿಯನ್ನು ಲೇಪಿಸಿ ತಯಾರಿಸುತ್ತಿದ್ದ, 19ನೆಯ ಶತಮಾನದ ಆಲ್ಬುಮೆನ್ ಕಾಗದ ತೆಳುವಾಗಿದ್ದು ಸುರುಳಿ ಸುತ್ತಿಕೊಳ್ಳುವುದರಿಂದ ಅದನ್ನು ರಟ್ಟಿಗೆ ಅಂಟಿಸಿಯೇ ಕೊಡುತ್ತಿದ್ದರು, ಭೂತಗನ್ನಡಿಯಲ್ಲಿ ಅದರ ನಾರು ಎದ್ದು ಕಾಣುತ್ತದೆ. ನಂತರದ ಜೆಲಾಟಿನ್ ಕಾಗದದಲ್ಲಿ ನಾರು ಕಾಣುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಮಾಡುತ್ತಿದ್ದ ಕಾಗದದ ಗುರುತು ಸಿಕ್ಕಿದರೆ 1960ರ ದಶಕದ ಕೊನೆಯ ಭಾಗಕ್ಕಿಂತ ಹಿಂದೆ ಹೋಗಬೇಕಾಗಿಲ್ಲ.

ಫೋಟೋ ಬಿಟ್ಟು ಉಳಿದ ಕಾಗದಗಳ ವಿಷಯದಲ್ಲಿ ಬಜಾರು ಸಾಧಾರಣ. ಬೆಂಕಿಪೆಟ್ಟಿಗೆಯ ಚೀಟಿಗಳನ್ನು ನೋಟುಪುಸ್ತಕಕ್ಕೆ ಅಂಟಿಸಿಟ್ಟಿದ್ದ ಹುಡುಗರ ಸಂಗ್ರಹಗಳು ಆಗಾಗ ಬರುತ್ತವೆ, ಶಿವಕಾಶಿಯ ನವಿಲು, ಹುಲಿ, ಕೀಲಿಕೈಗಳ ಚಿತ್ರಗಳು ಅವುಗಳಲ್ಲಿ ಹೊಸದಾಗಿಯೇ ಉಳಿದಿರುತ್ತವೆ. ಸಿನಿಮಾ ಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಿಗೆ ಈಗ ಬೆಲೆ ಏರಿದೆ, ನಾನು ಕೊಳ್ಳುವುದನ್ನು ಬಿಟ್ಟಿದ್ದೇನೆ. ದಪ್ಪ ರಟ್ಟಿನ ಹಳೆಯ ರೈಲು ಟಿಕೆಟ್ಟು, ಬಿಟಿಎಸ್ ಬಸ್ಸಿನ ತೆಳು ಚೀಟಿ, ಗಂಡಭೇರುಂಡ ಮುದ್ರೆಯ ಛಾಪಾ ಕಾಗದ ಇವೆಲ್ಲ ಹಳೆಯ ಪುಸ್ತಕಗಳ ನಡುವೆ ಪುಟದ ಗುರುತಾಗಿ ಸಿಗುವುದೇ ಹೆಚ್ಚು. ಆದ್ದರಿಂದ ಬಜಾರು ಮುಗಿಸಿ ಹತ್ತಿರದ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳಿಗೂ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ರವಿವರ್ಮ ಪ್ರೆಸ್ಸಿನ ದೇವರ ಪಟಗಳ ವಿಷಯದಲ್ಲಿ ಮಾತ್ರ ಬಿಡಿಸಿ ಹೇಳಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿ, ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಸಾಗಿಸಿದ ಮುದ್ರಣಾಲಯದ ಲಕ್ಷ್ಮಿ ಸರಸ್ವತಿಯರು ಕರ್ನಾಟಕದ ಎಷ್ಟೋ ದೇವರ ಮನೆಗಳಲ್ಲಿ ಇದ್ದವರು, ಇಂದಿಗೂ ಬಜಾರಿಗೆ ಬರುತ್ತಾರೆ. ಆದರೆ ಹೊಸ ಮುದ್ರಣವನ್ನು ಚಹಾ ನೀರಿನ ಬಣ್ಣಕ್ಕೆ ತಂದು, ನಿಜವಾದ ಹಳೆಯ ಕಟ್ಟಿನೊಳಗೆ ಕೂರಿಸಿ ಮಾರುವವರೂ ಇದ್ದಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರವೊಂದು ಜೇಬಿನಲ್ಲಿದ್ದರೆ ಮೋಸಹೋಗುವ ಭಯವಿಲ್ಲ. ಕಲ್ಲಚ್ಚಿನ ಹಳೆಯ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕೈಯಿಂದ ಚಿಮುಕಿಸಿದಂತೆ ಅಡ್ಡಾದಿಡ್ಡಿಯಾಗಿರುತ್ತವೆ, ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ಅವು ರಂಗೋಲಿಯ ಚುಕ್ಕೆಗಳಂತೆ ಕ್ರಮವಾಗಿ ಕೂತಿರುತ್ತವೆ. ಹಾಗೆಯೇ, ಫೋಟೋ ಎಂದು ಕೊಟ್ಟದ್ದರಲ್ಲಿ ಚುಕ್ಕೆಗಳ ಸಾಲು ಕಂಡರೆ ಅದು ಪುಸ್ತಕದಿಂದ ಕತ್ತರಿಸಿದ ಪುಟ. ಹೀಗೆ ಮಸೂರ ಹಿಡಿದು ನೋಡುವುದಕ್ಕೆ ಇಲ್ಲಿನ ಹೆಚ್ಚಿನ ವ್ಯಾಪಾರಿಗಳು ಅಡ್ಡಿ ಮಾಡುವುದಿಲ್ಲ, ಇದನ್ನು ನಾನು ಬಜಾರಿನ ಲೆಕ್ಕಕ್ಕೆ ಒಳ್ಳೆಯ ಅಂಶವಾಗಿಯೇ ಸೇರಿಸುತ್ತೇನೆ.

ವ್ಯಾಪಾರಿಗಳ ಬಗ್ಗೆ ಒಟ್ಟಿನಲ್ಲಿ ನನಗೆ ಗೌರವವಿದೆ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬೆರೆತು ಬರುವ ಅವರ ಮಾತಿನಲ್ಲಿ ಚೌಕಾಸಿಯೂ ಒಂದು ಮರ್ಯಾದೆಯ ವ್ಯವಹಾರ. ಬೋಣಿಯ ಹೊತ್ತಿಗೆ ಹೋದವರಿಗೆ ಬೆಲೆ ಇಳಿಸುತ್ತಾರೆ. ಬಿಡಿ ಫೋಟೋ ಹತ್ತು ಇಪ್ಪತ್ತು ರೂಪಾಯಿಗೂ ಸಿಕ್ಕಿದೆ, ಇನ್ನೂರಕ್ಕೂ ಸಿಕ್ಕಿದೆ. ಅದರಲ್ಲಿ ನಿಯಮವೇನೂ ಇಲ್ಲ. ನೀವು ಯಾವುದನ್ನು ಎರಡು ಸಲ ಕೈಗೆತ್ತಿಕೊಂಡಿರಿ ಎಂಬುದನ್ನು ಅವರು ಗಮನಿಸುತ್ತಾರೆ, ಆದ್ದರಿಂದ ಬೇಕಾದದ್ದನ್ನು ಒಂದೇ ಸಲ ನೋಡಿ ಕಂತೆಯೊಳಗೆ ಇಟ್ಟುಬಿಡಬೇಕು. ಆಮೇಲೆ ಇಡೀ ಕಂತೆಗೆ ಬೆಲೆ ಕೇಳಬೇಕು. ನನ್ನ ದೂರು ಇರುವುದು ಬೆಲೆಯ ಬಗ್ಗೆ ಅಲ್ಲ, ಬಿಡಿಸುವುದರ ಬಗ್ಗೆ. ಆಲ್ಬಮ್ ಸಿಕ್ಕಿದರೆ ಕೆಲವರು ಅದರ ಹಾಳೆಗಳಿಂದ ಫೋಟೋಗಳನ್ನು ಕಿತ್ತು, ಚೆನ್ನಾಗಿ ಕಾಣುವುದನ್ನು ಮೇಲಿಟ್ಟು, ಉಳಿದದ್ದನ್ನು ಬೇರೆ ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. ಕೀಳುವಾಗ ಹಿಂಬದಿಯ ಬರಹ ಹಾಳೆಗೇ ಅಂಟಿಕೊಂಡು ಹೋಗುತ್ತದೆ, ಫೋಟೋದ ಅಡಿಯಲ್ಲಿ ಬಿಳಿ ಶಾಯಿಯಿಂದ ಬರೆದಿದ್ದ ಹೆಸರು, ಊರು, ಇಸವಿ ಎಲ್ಲವೂ ಕಪ್ಪು ಹಾಳೆಯ ಜೊತೆ ರದ್ದಿಗೆ ಹೋಗುತ್ತವೆ. ಐದು ನಿಮಿಷದಲ್ಲಿ ಒಂದು ಮನೆತನದ ನೆನಪು ಅನಾಮಧೇಯವಾಗುತ್ತದೆ. ಈ ಒಂದು ಕಾರಣಕ್ಕಾಗಿಯೇ ಐದಕ್ಕೆ ಐದು ಅಂಕ ಕೊಡಬೇಕಾದ ಜಾಗಕ್ಕೆ ನಾನು ಮೂರೂವರೆ ಕೊಡುತ್ತೇನೆ. ಪರಿಚಯದ ವ್ಯಾಪಾರಿಗಳಿಗೆ "ಭಾಯಿ, ಆಲ್ಬಮ್ ಬಂದರೆ ಹಾಗೇ ಇಡಿ, ಬಿಡಿಸಬೇಡಿ, ಪೂರ್ತಿ ನಾನೇ ತಗೋತೀನಿ" ಎಂದು ಹೇಳಿಟ್ಟರೆ ಕೆಲಸವಾಗುತ್ತದೆ. ನೀವೂ ಹೇಳಿಡಿ.

ಹೋಗುವವರು ಏಳು ಗಂಟೆಯೊಳಗೆ ಅಲ್ಲಿರಬೇಕು. ಚಿಕ್ಕಪೇಟೆಯ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು, ಸ್ವಂತ ಗಾಡಿ ತರುವ ಯೋಚನೆ ಬೇಡ. ಎರಡು ಗಟ್ಟಿ ರಟ್ಟು, ನಾಲ್ಕು ರಬ್ಬರ್ ಬ್ಯಾಂಡು, ಒಂದು ಬಟ್ಟೆಯ ಚೀಲ, ಮಸೂರ, ಚಿಲ್ಲರೆ ನೋಟು ಇಷ್ಟು ಸಾಕು. ಹತ್ತರ ನಂತರ ಜನಸಂದಣಿಯಲ್ಲಿ ಕೂತು ಕಂತೆ ಬಿಚ್ಚುವುದು ಆಗದ ಮಾತು, ಬಿಸಿಲಿಗೆ ಫೋಟೋಗಳೂ ಹಪ್ಪಳದಂತೆ ಬಾಗತೊಡಗುತ್ತವೆ. ಮಳೆ ಬಂದ ದಿನ ಹೋಗಲೇಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒದ್ದೆಯಾದ ಫೋಟೋಗಳು ಒಂದಕ್ಕೊಂದು ಅಂಟುವ ಮೊದಲು ಯಾರಾದರೂ ಅಲ್ಲಿಂದ ತರಬೇಕಲ್ಲ.

ತಂದ ಮೇಲೆ ಮಾಡಬೇಕಾದದ್ದು ಸ್ವಲ್ಪ, ಮಾಡಬಾರದ್ದು ಹೆಚ್ಚು. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ನೀರು ಮುಟ್ಟಿಸಬೇಡಿ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಬಿಡಿಸಲು ಹೋದರೆ ಮುಖ ಗಾಜಿಗೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಟ್ಟುಬಿಡಿ. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ಮುಗಳನ್ನು ಕೊಳ್ಳಲೇಬೇಡಿ, ಅವು ಕೆಲವೇ ವರ್ಷಗಳಲ್ಲಿ ಚಿತ್ರವನ್ನು ತಿನ್ನುತ್ತವೆ. ಪಿವಿಸಿ ಹಾಳೆಗಳೂ ಬೇಡ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು, ಆಮ್ಲವಿಲ್ಲದ ಕಾಗದ, ಬೂಷ್ಟು ಹಿಡಿಯದ ಒಣ ಬೀರು ಇವು ಸಾಕು. ಎಲ್ಲಿ, ಯಾವತ್ತು, ಯಾವ ಕಂತೆಯಲ್ಲಿ ಸಿಕ್ಕಿತೆಂಬುದನ್ನು ಕವರಿನ ಮೇಲೆ ಬರೆಯಿರಿ. ಬೇರೆ ದಾರಿಯಿಲ್ಲದಿದ್ದರೆ ಫೋಟೋದ ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ 'ಮ್ಯಾಪ್'ಗೆ ಹೋಗಿ, ಜೋಪಾನ ಮಾಡಿದ ಹಳೆಯ ಫೋಟೋ ಹೇಗಿರುತ್ತದೆ ಎಂದು ಒಮ್ಮೆ ನೋಡಿ ಬಂದರೆ ಕಣ್ಣು ಪಳಗುತ್ತದೆ.

ಕಂತೆಯನ್ನು ಬಿಡಿಸಬಾರದೆಂದು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಒಂಬತ್ತು ಪುಟ್ಟ ಫೋಟೋಗಳು ಕಾರಣ. ಅವು ಚೌಕಾಕಾರದವು, ಆರು ಸೆಂಟಿಮೀಟರಿನಷ್ಟು, ಸುತ್ತ ಬಿಳಿ ಅಂಚು, ಅಂಚಿಗೆ ಅಲೆಅಲೆಯಾದ ಕತ್ತರಿಕೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ 120 ಫಿಲ್ಮಿನ ಒಂದು ರೀಲಿನಲ್ಲಿ ಇಂಥ ಹನ್ನೆರಡು ಚೌಕ ಚಿತ್ರಗಳನ್ನು ತೆಗೆಯುತ್ತಿತ್ತು, 1960 ಮತ್ತು 70ರ ದಶಕಗಳ ಮಧ್ಯಮ ವರ್ಗದ ಮನೆಗಳಲ್ಲಿ ಅದೇ ಮೊದಲ ಕ್ಯಾಮೆರಾ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡ ಗೋಪುರದ ಎದುರು, ಒಬ್ಬ ಹಿರಿಯರು ಇಬ್ಬರು ಮಕ್ಕಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ. ಇನ್ನೊಂದರಲ್ಲಿ ಅದೇ ಮಕ್ಕಳು ನೆಲದ ಮೇಲೆ ಬುತ್ತಿ ಬಿಚ್ಚಿದ್ದಾರೆ. ಮತ್ತೊಂದರಲ್ಲಿ ಎಂವೈ ಎಂದು ಆರಂಭವಾಗುವ ನಂಬರಿನ ಕಾರಿನ ಬಾನೆಟ್ಟಿಗೆ ಒರಗಿದ ತರುಣನೊಬ್ಬನಿದ್ದಾನೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾರ ಮನೆಯಲ್ಲೂ ಇರಬಹುದಾದ ಚಿತ್ರಗಳು. ಒಂಬತ್ತನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ ರಾತ್ರಿ, ಅವುಗಳಲ್ಲಿ ಆರರ ಕೆಳಗಿನ ಅಂಚಿನಲ್ಲಿ ಒಂದೇ ನೆರಳು ಬಿದ್ದಿರುವುದನ್ನು ಕಂಡೆ. ಸೂರ್ಯ ಬೆನ್ನ ಹಿಂದಿರಲಿ ಎಂಬುದು ಆ ಕಾಲದ ಸಾದಾ ಕ್ಯಾಮೆರಾಗಳ ಮೊದಲ ಪಾಠ, ಹಾಗಾಗಿ ತೆಗೆಯುವವರ ನೆರಳು ಚಿತ್ರದೊಳಕ್ಕೆ ಬೀಳುತ್ತಿತ್ತು. ಈ ನೆರಳಿಗೆ ತುರುಬು ಇದೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದದ್ದರಿಂದ ಎರಡೂ ಮೊಣಕೈಗಳು ರೆಕ್ಕೆಗಳಂತೆ ಹೊರಚಾಚಿವೆ. ಎಡಭಾಗದಲ್ಲಿ ಸೆರಗು ಗಾಳಿಗೆ ಹಾರಿದೆ. ಒಂಬತ್ತರಲ್ಲಿ ಎಲ್ಲೂ ಮುಖ ತೋರಿಸದ ಆ ತಾಯಿಯೋ ಅತ್ತೆಯೋ ಅಕ್ಕನೋ ಆ ದಿನ ಎಲ್ಲರ ಚಿತ್ರವನ್ನೂ ತೆಗೆದಿದ್ದಾಳೆ.

ಒಂಬತ್ತರ ಹಿಂಬದಿಯಲ್ಲೂ 417 ಎಂಬ ಸಂಖ್ಯೆ ನೀಲಿ ಶಾಯಿಯಲ್ಲಿದೆ, ತೊಳೆದು ಪ್ರಿಂಟು ಹಾಕಿದ ಸ್ಟುಡಿಯೋದವರು ಬರೆದದ್ದಿರಬೇಕು. ರೀಲಿಗೆ ಹನ್ನೆರಡು ಎಂದರೆ ಇನ್ನೂ ಮೂರು ಇದ್ದಿರಬೇಕೆಂದು ಮುಂದಿನ ಭಾನುವಾರ ಅದೇ ಟಾರ್ಪಾಲಿನ ಮುಂದೆ ಕೂತು ಕೇಳಿದೆ. "ಇದ್ದವು ಸಾರ್, ಹೋಟೆಲಿನ ಗೋಡೆಗೆ ಹಳೇ ಫೋಟೋ ಬೇಕು ಅಂತ ಒಬ್ಬರು ಬಂದಿದ್ದರು, ಕೈಗೆ ಸಿಕ್ಕಿದ್ದು ಕೊಟ್ಟೆ" ಎಂದರು ವ್ಯಾಪಾರಿ. ಅವರಿಗೆ ಹೋಟೆಲಿನ ಹೆಸರು ನೆನಪಿಲ್ಲ. ಅಂದಿನಿಂದ ಕಾಫಿಗೆಂದು ಹೊಕ್ಕ ಕಡೆಯಲ್ಲೆಲ್ಲ ನಾನು ಗೋಡೆಗಳನ್ನು ನೋಡುತ್ತಿದ್ದೇನೆ. ಅಲೆಅಲೆ ಅಂಚಿನ ಪುಟ್ಟ ಚೌಕ ಫೋಟೋ, ಲಾಲ್‌ಬಾಗಿನ ಬಂಡೆ, ಕೆಳಗಿನ ಅಂಚಿನಲ್ಲಿ ಮೊಣಕೈ ಚಾಚಿದ ಒಂದು ನೆರಳು ನಿಮಗೆಲ್ಲಾದರೂ ಕಂಡರೆ, ಅಲ್ಲಿನವರನ್ನು ಕೇಳಿ, ಪಟವನ್ನು ಇಳಿಸಿ ಬೆನ್ನಿನಲ್ಲಿ 417 ಇದೆಯೇ ಎಂದು ದಯವಿಟ್ಟು ನೋಡಿ. ಆ ಮೂರರಲ್ಲಿ ಒಂದನ್ನಾದರೂ, ಕ್ಯಾಮೆರಾವನ್ನು ಆ ತರುಣನ ಕೈಗೆ ಕೊಟ್ಟು, ಅವಳೂ ಮಕ್ಕಳ ಪಕ್ಕದಲ್ಲಿ ನಿಂತು ತೆಗೆಸಿಕೊಂಡಿರಬಹುದು.